ವಲೆನ್ಸಿಯಾ ಟೂರಿಸ್ಟ್ ಕಾರ್ಡ್: ಶನಿವಾರ, ಭಾನುವಾರಕ್ಕೆ ಬೇಕಾ?

ಮೊದಲೇ ಹೇಳಿಬಿಡುತ್ತೇನೆ. ಸ್ಪೇನ್‌ನ ವಲೆನ್ಸಿಯಾಕ್ಕೆ ರೈಲಿನಲ್ಲಿ ಬಂದು ಶನಿವಾರ, ಭಾನುವಾರ ಇದ್ದು ಹೋಗುವವರಿಗೆ, ಬಸ್ಸು, ಮ್ಯೂಸಿಯಂ ಎಲ್ಲ ಸೇರಿಸಿ ಕೊಡುವ ಈ ಟೂರಿಸ್ಟ್ ಕಾರ್ಡ್ ಬೇಡ. ವಿಮಾನದಲ್ಲಿ ಬಂದಿಳಿಯುವವರಿಗೆ, ಅದರಲ್ಲೂ ದೊಡ್ಡ ಅಕ್ವೇರಿಯಂ ನೋಡಲೇಬೇಕು ಅನ್ನುವವರಿಗೆ, ಬೇಕಾಗಬಹುದು. ಕಾರ್ಡ್ ಕೆಟ್ಟದ್ದು ಅಂತಲ್ಲ. ಊರೇ ಅದಕ್ಕಿಂತ ಅಗ್ಗ.

ಲೆಕ್ಕ ನನ್ನದಲ್ಲ, ಅತ್ತೆಯವರದು. ಅವರು ಹೈಸ್ಕೂಲಿನಲ್ಲಿ ಗಣಿತ ಟೀಚರ್ ಆಗಿದ್ದವರು. ಯಜಮಾನರಿಗೆ ಮ್ಯಾಡ್ರಿಡ್‌ನಲ್ಲಿ ಆಫೀಸ್ ಕೆಲಸ ಮುಗಿದಿರಲಿಲ್ಲ. ಹಾಗಾಗಿ ನಾವಿಬ್ಬರೇ ವಲೆನ್ಸಿಯಾಕ್ಕೆ ಹೊರಟೆವು. ರೈಲಿನಲ್ಲಿ ಎರಡು ಗಂಟೆಯೂ ಹಿಡಿಯುವುದಿಲ್ಲ. ನಾನು ಮೊಬೈಲ್‌ನಲ್ಲಿ ಕಾರ್ಡ್ ತೋರಿಸಿ, ತಗೊಳ್ಳೋಣವಾ ಅತ್ತೆ ಅಂದೆ. ‘ತಾಳು, ಅದರಲ್ಲಿ ಏನೇನು ಸೇರಿದೆ ಓದು ನೋಡೋಣ’ ಅಂದರು. ಪೆನ್ನು ಹೊರಗೆ ಬಂತು.

ಅದರಲ್ಲಿ ಇರುವುದು ಇಷ್ಟು. 24, 48, 72 ಗಂಟೆಯ ಕಾರ್ಡ್‌ಗಳಿವೆ. ಮೊದಲ ಸಲ ಬಳಸಿದ ಹೊತ್ತಿನಿಂದ ಗಂಟೆ ಎಣಿಕೆ ಶುರು. ಬಸ್ಸು, ಮೆಟ್ರೊ, ಟ್ರಾಮ್ ಎಲ್ಲ ಪುಕ್ಕಟೆ, ಏರ್‌ಪೋರ್ಟ್ ಮೆಟ್ರೊ ಕೂಡ. ನಗರಸಭೆಯ ಮ್ಯೂಸಿಯಂ, ಸ್ಮಾರಕಗಳಿಗೆ ಟಿಕೆಟ್ ಬೇಕಿಲ್ಲ. ಅಕ್ವೇರಿಯಂ ಥರದ ಖಾಸಗಿ ಜಾಗಗಳಲ್ಲಿ, ಕೆಲವು ಅಂಗಡಿ ಹೋಟೆಲ್‌ಗಳಲ್ಲಿ ರಿಯಾಯಿತಿ. 48 ಗಂಟೆಯದಕ್ಕೆ ತಲೆಗೆ 20 ಯೂರೋ ಆಸುಪಾಸು.

ಈಗ ಗಮ್ಮತ್ತು ನೋಡಿ. ನಗರಸಭೆಯ ಜಾಗಗಳಿಗೆ ಬೇರೆ ದಿನಗಳಲ್ಲೂ ಟಿಕೆಟ್ ಇರುವುದು ಸುಮಾರು 2 ಯೂರೋ. ಭಾನುವಾರ ಮತ್ತು ಹಬ್ಬದ ರಜೆಗಳಲ್ಲಿ ಎಲ್ಲರಿಗೂ ಉಚಿತ. ನಾಲ್ಕು ಜಾಗ ನೋಡಿದರೂ ಉಳಿತಾಯ 8 ಯೂರೋ, ಅದೂ ಶನಿವಾರವೇ ಓಡಾಡಿ ಮುಗಿಸಿದರೆ. ಹಳೇ ಊರು ಪೂರ್ತಿ ಕಾಲ್ನಡಿಗೆಯಲ್ಲೇ ಆಗುತ್ತದೆ. ಉಳಿದ 12 ಯೂರೋ ವಸೂಲಾಗಬೇಕು ಅಂದರೆ ಸುಮ್ನೆ ಬಸ್ಸು ಹತ್ತಿ ಇಳಿಯುತ್ತಾ ಇರಬೇಕು. ಅತ್ತೆ ಪೆನ್ನಿನ ಮುಚ್ಚಳ ಹಾಕಿದರು. ನಾವು 10 ಪ್ರಯಾಣ ತುಂಬುವ ಸುಮಾ ಕಾರ್ಡ್ ತೆಗೆದುಕೊಂಡೆವು. ಬಸ್ಸು, ಮೆಟ್ರೊ, ಟ್ರಾಮ್ ಮೂರಕ್ಕೂ ಅದೇ ನಡೆಯುತ್ತದೆ.

ಏರ್‌ಪೋರ್ಟಿನಿಂದ ಬರುವವರ ಲೆಕ್ಕ ಬೇರೆ. ವಿಮಾನ ನಿಲ್ದಾಣದ ಮೆಟ್ರೊ ಟಿಕೆಟ್ ಊರೊಳಗಿನ ಟಿಕೆಟ್‌ಗಿಂತ ದುಬಾರಿ. ಹೋಗಿ ಬರುವುದೆರಡೂ ಕಾರ್ಡ್‌ನಲ್ಲೇ ಆದರೆ ಅರ್ಧ ದುಡ್ಡು ಅಲ್ಲೇ ಬಂದ ಹಾಗೆ. 3 ಮತ್ತು 5ನೇ ಲೈನ್ ನೇರವಾಗಿ ಊರ ಮಧ್ಯಕ್ಕೆ ತರುತ್ತವೆ. ಶಾತಿವಾ ಇಲ್ಲವೇ ಕೊಲೋನ್ ಸ್ಟೇಷನ್‌ನಲ್ಲಿ ಇಳಿದರೆ ಸಾಕು.

ರೈಲಿನವರಿಗೆ ಒಂದು ಮಾತು. ಮ್ಯಾಡ್ರಿಡ್‌ನಲ್ಲಿ ಅಟೋಚಾ, ಚಮಾರ್ತಿನ್ ಅಂತ ಎರಡು ದೊಡ್ಡ ಸ್ಟೇಷನ್‌ಗಳಿವೆ. ಎರಡೂ ಊರಿನ ಎರಡು ತುದಿ. ಟಿಕೆಟ್‌ನಲ್ಲಿ ಯಾವುದಿದೆ ಅಂತ ನೋಡಿಕೊಂಡೇ ಮನೆ ಬಿಡಿ. ವಲೆನ್ಸಿಯಾದಲ್ಲಿ ವೇಗದ ರೈಲು ಬಂದು ನಿಲ್ಲುವುದು ಹೊವಾಕಿನ್ ಸೊರೋಯಾ ಸ್ಟೇಷನ್‌ನಲ್ಲಿ. ನೋಡಲು ಗೋದಾಮಿನ ಥರ ಇದೆ. ಅಲ್ಲಿಂದ ಸ್ವಲ್ಪ ನಡೆದರೆ 1917ರ ಹಳೇ ಸ್ಟೇಷನ್, ಎಸ್ತಾಸಿಯೋ ದೆಲ್ ನೋರ್ದ್, ಸಿಗುತ್ತದೆ. ಗೋಡೆ ತುಂಬ ಕಿತ್ತಳೆ ಹಣ್ಣು, ಕಿತ್ತಳೆ ಹೂವಿನ ಚಿತ್ತಾರ. ಟಿಕೆಟ್ ಇಲ್ಲದೆಯೂ ಒಳಗೆ ಹೋಗಿ ನೋಡಬಹುದು.

ಕಾರ್ಡ್ ವಿಚಾರ ಬಿಡಿ. ವಾರಾಂತ್ಯಕ್ಕೆ ಬರುವವರು ತಲೆ ಕೆಡಿಸಿಕೊಳ್ಳಬೇಕಾದದ್ದು ದುಡ್ಡಿನ ಬಗ್ಗೆ ಅಲ್ಲ, ಬಾಗಿಲು ಹಾಕುವ ಹೊತ್ತಿನ ಬಗ್ಗೆ. ಮೆರ್ಕಾದೊ ಸೆಂತ್ರಾಲ್, ಅಂದರೆ ಅಲ್ಲಿನ ದೊಡ್ಡ ಮಾರ್ಕೆಟ್, ಭಾನುವಾರ ಪೂರ್ತಿ ಬಂದ್. ಶನಿವಾರವೂ ಮಧ್ಯಾಹ್ನ 3ಕ್ಕೆ ಮುಚ್ಚುತ್ತದೆ. ಅದರ ಎದುರಿಗೇ ಇರುವ ರೇಷ್ಮೆ ವ್ಯಾಪಾರದ ಭವನ, ಲಾ ಲೊಂಹಾ, ಭಾನುವಾರ ಉಚಿತ, ಆದರೆ ಮಧ್ಯಾಹ್ನ 2ಕ್ಕೆ ಬೀಗ. ಹಾಗಾಗಿ ಮಾರ್ಕೆಟ್ ಶನಿವಾರ ಬೆಳಿಗ್ಗೆ, ಲೊಂಹಾ ಭಾನುವಾರ ಬೆಳಿಗ್ಗೆ. ಇದೊಂದು ಗಂಟು ಹಾಕಿಕೊಂಡರೆ ಉಳಿದದ್ದು ತಾನಾಗೇ ಕೂಡುತ್ತದೆ.

ಮಾರ್ಕೆಟ್ ಬಗ್ಗೆ ಬರೆಯಲು ಶುರು ಮಾಡಿದರೆ ನಿಲ್ಲಿಸುವುದು ಕಷ್ಟ. 1928ರಲ್ಲಿ ತೆರೆದ ಕಟ್ಟಡ. ಕಬ್ಬಿಣ, ಗಾಜು, ಬಣ್ಣದ ಹೆಂಚಿನ ಬಿಲ್ಲೆಗಳು. ಗುಮ್ಮಟದಿಂದ ಬೆಳಕು ನೇರ ಟೊಮೇಟೊ ರಾಶಿಯ ಮೇಲೆ ಬೀಳುತ್ತದೆ. ಮೇಲೆ ಗಾಳಿ ತೋರಿಸಲು ಲೋಹದ ಗಿಣಿ. ಇದು ಪ್ರವಾಸಿಗರಿಗೆ ಅಂತ ಸಿಂಗರಿಸಿಟ್ಟ ಮಾರ್ಕೆಟ್ ಅಲ್ಲ. ಅಜ್ಜಿಯಂದಿರು ಎರಡು ಗಾಲಿಯ ಬಟ್ಟೆ ಚೀಲ ಎಳೆದುಕೊಂಡು ಬಂದು, ಬೀನ್ಸ್ ಮುರಿದು ನೋಡಿ, ಬೈದು, ಕೊಂಡು ಹೋಗುತ್ತಾರೆ. ಅತ್ತೆ ಒಬ್ಬ ಅಜ್ಜಿಯ ಹಿಂದೆಯೇ ಮೂರು ಅಂಗಡಿ ಸುತ್ತಿದರು. ಎಲ್ಲಿ ಆಕೆ ಕೊಂಡರೋ ಅಲ್ಲೇ ನಮ್ಮ ಕಿತ್ತಳೆಯನ್ನೂ ಕೊಂಡರು. ಇದಕ್ಕಿಂತ ಒಳ್ಳೆಯ ಗೈಡ್ ಯಾವ ಕಾರ್ಡ್‌ನಲ್ಲಿ ಸಿಗುತ್ತದೆ ಹೇಳಿ.

ಹನ್ನೊಂದು ಗಂಟೆಯ ಮೇಲೆ ಕಾಲಿಡಲು ಜಾಗ ಇರುವುದಿಲ್ಲ, ಒಂಬತ್ತಕ್ಕೇ ಹೋಗಿ. ಮೀನಿನ ಭಾಗ ಒಂದು ಪಕ್ಕದಲ್ಲಿ ಪ್ರತ್ಯೇಕವಾಗಿದೆ. ವಾಸನೆ ಆಗದವರು ಅತ್ತ ಹೋಗದೆಯೇ ಮಾರ್ಕೆಟ್ ಮುಗಿಸಬಹುದು. ಕೇಸರಿ ಕೊಳ್ಳುವುದಾದರೆ ಎಳೆಗಳಾಗಿಯೇ ಕೊಳ್ಳಿ. ಪಾಯೆಯಾ ಅಂದರೆ ಬಾಣಲೆಯಲ್ಲಿ ಮಾಡುವ ಅಲ್ಲಿನ ಅನ್ನದ ಅಡುಗೆ. ಅದಕ್ಕೆ ಹಾಕಲು ‘ಪಾಯೆಯಾ ಪುಡಿ’ ಅಂತ ಸಿಗುವ ಹಳದಿ ಪೊಟ್ಟಣಗಳಲ್ಲಿ ಹೆಚ್ಚಾಗಿ ಬಣ್ಣವೇ ಇರುತ್ತದೆ.

ಹತ್ತೂವರೆ ಹೊತ್ತಿಗೆ ಊರೆಲ್ಲ ಎರಡನೇ ತಿಂಡಿಗೆ ಕೂರುತ್ತದೆ. ಇದು ವಲೆನ್ಸಿಯಾದವರ ಹೆಮ್ಮೆ. ಉದ್ದನೆಯ ಬ್ರೆಡ್ಡಿನೊಳಗೆ ಏನಾದರೊಂದು ತುಂಬಿಸಿ ಕೊಡುತ್ತಾರೆ. ಜೊತೆಗೆ ಕಡಲೆಕಾಯಿ, ಆಲಿವ್, ಕುಡಿಯಲು ಏನಾದರೂ, ಕೊನೆಗೆ ಕಾಫಿ. ಸಸ್ಯಾಹಾರಿಗಳು ಆಲೂಗಡ್ಡೆ ಆಮ್ಲೆಟ್ ತುಂಬಿದ್ದನ್ನು ಕೇಳಬಹುದು. ಕಾಫಿ ಹೇಳುವಾಗ ‘ಕ್ರೆಮಾಯೆತ್’ ಅಂದರೆ ರಮ್ಮಿಗೆ ಬೆಂಕಿ ಹಚ್ಚಿ ಮಾಡಿದ್ದು ಬರುತ್ತದೆ, ನೆನಪಿರಲಿ. ಪಕ್ಕದ ಟೇಬಲ್ಲಿನವರ ಲೋಟದ ಬಣ್ಣ ಚೆನ್ನಾಗಿದೆ ಅಂತ ಅತ್ತೆ ಅದನ್ನೇ ತೋರಿಸುತ್ತಿದ್ದರು. ನಾನು ಕೈ ಹಿಡಿದು ತಡೆದೆ.

ವಾರದ ದಿನಗಳಲ್ಲಿ ಮಧ್ಯಾಹ್ನ ‘ಮೆನು ದೆಲ್ ದಿಯಾ’ ಅಂತ ಎರಡು ಬಗೆ, ಸಿಹಿ, ಪಾನೀಯ ಸೇರಿಸಿ ಒಂದೇ ದರದ ಊಟ ಇರುತ್ತದೆ. ಶನಿವಾರ, ಭಾನುವಾರ ಹೆಚ್ಚಿನ ಕಡೆ ಅದು ಇರುವುದಿಲ್ಲ, ಇದ್ದರೂ ದರ ಜಾಸ್ತಿ. ಖರ್ಚು ಅಂದಾಜು ಮಾಡುವಾಗ ಇದನ್ನು ಸೇರಿಸಿಕೊಳ್ಳಿ. ಮ್ಯೂಸಿಯಂಗಿಂತ ಊಟಕ್ಕೇ ನಿಮ್ಮ ದುಡ್ಡು ಹೋಗುವುದು.

ಪಾಯೆಯಾ ಮಧ್ಯಾಹ್ನದ ಊಟ. ಅಲ್ಲಿನವರು ರಾತ್ರಿ ತಿನ್ನುವುದಿಲ್ಲ. ಸಂಜೆ ಏಳಕ್ಕೆ ಫೋಟೊ ಬೋರ್ಡ್ ಇಟ್ಟುಕೊಂಡು ಕೂಗಿ ಕರೆಯುವ ಕಡೆ ಕೂರಬೇಡಿ. ದೊಡ್ಡ ಚೌಕಗಳ ಸುತ್ತ ಅಂಥವು ಬೇಕಾದಷ್ಟಿವೆ. ಹೇಳಿದ ಮೇಲೆ ಮಾಡುವವರು ಕನಿಷ್ಠ ಇಬ್ಬರಿಗೆ ಅಂತಲೇ ಮಾಡುತ್ತಾರೆ, ಅರ್ಧ ಗಂಟೆಯಾದರೂ ಕಾಯಿಸುತ್ತಾರೆ. ಅಸಲಿ ವಲೆನ್ಸಿಯಾ ಪಾಯೆಯಾದಲ್ಲಿ ಇರುವುದು ಕೋಳಿ, ಮೊಲ, ಹಸಿರು ಬೀನ್ಸ್, ‘ಗರ್ರೊಫೋ’ ಎನ್ನುವ ಅಗಲ ಬಿಳಿ ಕಾಳು. ತರಕಾರಿಯದ್ದೂ ಸಿಗುತ್ತದೆ, ‘ಪಾಯೆಯಾ ದೆ ವೆರ್ದುರಾಸ್’ ಅನ್ನಿ. ಆದರೆ ಅಕ್ಕಿ ಬೇಯಿಸುವ ಸಾರು ಯಾವುದರದ್ದು ಅಂತ ಕೇಳಲೇಬೇಕು. ಮೇಲೆ ತರಕಾರಿ, ಒಳಗೆ ಕೋಳಿ ಸಾರು ಇದ್ದರೆ ಏನು ಬಂತು? ಸಲಾಡ್‌ಗೂ ಇದೇ ಮಾತು. ಕೇಳದೆಯೇ ಮೇಲೆ ಟ್ಯೂನಾ ಮೀನು ಉದುರಿಸಿ ತರುವುದು ಅಲ್ಲಿ ಮಾಮೂಲು. ‘ಸಿನ್ ಆತೂನ್’ ಅಂತ ಮೊದಲೇ ಹೇಳಿ.

ಬಾಣಲೆ ಟೇಬಲ್ ಮಧ್ಯೆ ಬಂತು. ಹಳೇ ಪದ್ಧತಿಯಲ್ಲಿ ಎಲ್ಲರೂ ಮರದ ಚಮಚ ಹಿಡಿದು, ತಮ್ಮ ಮುಂದಿನ ಭಾಗವನ್ನಷ್ಟೇ ನೇರ ಬಾಣಲೆಯಿಂದ ತಿನ್ನುತ್ತಾರೆ. ಅತ್ತೆ ತಟ್ಟೆ ಕೇಳಿದರು. ಆಮೇಲೆ ತಳ ಹಿಡಿದ ಗರಿಗರಿ ಅನ್ನ ಕೆರೆಯಲು ಚಮಚ ತೆಗೆದುಕೊಂಡವರು ನನ್ನ ಭಾಗಕ್ಕೂ ಬಂದರು. ಅದೇ ಆ ಊಟದ ಜೀವ, ಅಲ್ಲಿನವರೂ ಅದಕ್ಕೇ ಜಗಳ ಆಡುವುದು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಲೊಂಹಾ. 1482ರಲ್ಲಿ ಕಟ್ಟಲು ಶುರು ಮಾಡಿದ್ದು, 1996ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಹಗ್ಗ ಹೊಸೆದ ಹಾಗೆ ತಿರುಚಿಕೊಂಡು ಮೇಲೇರುವ ಕಂಬಗಳು. ಗೋಡೆಯ ಸುತ್ತ ಲ್ಯಾಟಿನ್ ಅಕ್ಷರಗಳಲ್ಲಿ ವ್ಯಾಪಾರಿಗಳಿಗೆ ಬುದ್ಧಿಮಾತು: ಸುಳ್ಳು ಹೇಳದೆ, ಬಡ್ಡಿಗೆ ದುಡ್ಡು ಬಿಡದೆ ನಡೆದರೆ ಸಂಪತ್ತೂ ಸಿಗುತ್ತದೆ, ಕೊನೆಗೆ ಸ್ವರ್ಗವೂ ಸಿಗುತ್ತದೆ. ‘ಬ್ಯಾಂಕಿನವರಿಗೆ ತೋರಿಸಬೇಕು’ ಅಂದರು ಅತ್ತೆ.

ಅಲ್ಲಿಂದ ಸೆರ್ರಾನೋಸ್ ಗೋಪುರ, ಹಳೇ ಕೋಟೆಯ ಹೆಬ್ಬಾಗಿಲು. ಮೇಲಿನಿಂದ ಊರು ಕಾಣುತ್ತದೆ. ಅಂತರ್ಯುದ್ಧದ ಕಾಲದಲ್ಲಿ ಮ್ಯಾಡ್ರಿಡ್‌ನ ಪ್ರಾದೊ ಮ್ಯೂಸಿಯಂನ ಚಿತ್ರಗಳನ್ನು ಬಾಂಬಿನಿಂದ ಕಾಪಾಡಲು ಇದರೊಳಗೇ ಇಟ್ಟಿದ್ದರು. ಮಂಡಿ ನೋವಿದ್ದರೆ ಕೆಳಗಿನಿಂದಲೇ ನೋಡಿ ಮುಂದೆ ನಡೆಯಿರಿ, ನಷ್ಟವಿಲ್ಲ. ಕೆಥೆಡ್ರಲ್‌ನ ಮಿಗೆಲೆತೆ ಗೋಪುರವಂತೂ 207 ಮೆಟ್ಟಿಲು, ಸುರುಳಿ ಸುತ್ತು. ಕೆಥೆಡ್ರಲ್ ನಗರಸಭೆಯದ್ದಲ್ಲ, ಭಾನುವಾರವೂ ಟಿಕೆಟ್ ಉಂಟು. ಬೆಳಿಗ್ಗೆ ಪ್ರಾರ್ಥನೆ ನಡೆಯುವುದರಿಂದ ಪ್ರವಾಸಿಗರು ಶನಿವಾರವೇ ಹೋಗುವುದು ಒಳ್ಳೆಯದು. ಅದರ ಬಾಗಿಲಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ರೈತರ ನೀರಿನ ನ್ಯಾಯಾಲಯ ಕೂರುತ್ತದೆ. ಕಾಲುವೆ ನೀರಿನ ಜಗಳಗಳನ್ನು ಬಾಯಿಮಾತಿನಲ್ಲೇ ಕೇಳಿ ಅಲ್ಲೇ ತೀರ್ಪು. ವಾರಾಂತ್ಯದವರಿಗೆ ಸಿಗದ ಭಾಗ್ಯ. ರಜೆ ಒಂದೆರಡು ದಿನ ಹಿಂದಕ್ಕೆ ಎಳೆಯಲು ಆದರೆ ಎಳೆಯಿರಿ.

ಎರಡು ಗಂಟೆಗೆ ಎಲ್ಲ ಬಾಗಿಲು ಬಿದ್ದ ಮೇಲೆ ಏನು? ಬೇಯಾಸ್ ಆರ್ತೆಸ್ ಚಿತ್ರಶಾಲೆ ಮಧ್ಯಾಹ್ನದ ಮೇಲೂ ತೆರೆದಿರುತ್ತದೆ, ಯಾವ ದಿನವೂ ಟಿಕೆಟ್ ಇಲ್ಲ. ಸೊರೋಯಾ ಬರೆದ ಚಿತ್ರಗಳಿವೆ, ವೆಲಾಸ್ಕೆಸ್ ತನ್ನನ್ನೇ ಬರೆದುಕೊಂಡ ಚಿತ್ರವೂ ಇದೆ. ಅಲ್ಲಿಂದ ಇಳಿದರೆ ತುರಿಯಾ ತೋಟ.

ಈ ತೋಟ ನನಗೆ ಉಳಿದೆಲ್ಲಕ್ಕಿಂತ ಹೆಚ್ಚು. ಅದು ನದಿಯ ಪಾತ್ರ. 1957ರ ಅಕ್ಟೋಬರ್‌ನಲ್ಲಿ ತುರಿಯಾ ಉಕ್ಕಿ 80ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಊರ ದಕ್ಷಿಣಕ್ಕೆ ಹೊಸ ಪಾತ್ರ ತೋಡಿ ನದಿಯನ್ನೇ ತಿರುಗಿಸಿದರು. ಒಣಗಿದ ಪಾತ್ರದಲ್ಲಿ ಹೆದ್ದಾರಿ ಮಾಡುವ ಯೋಜನೆ ಇತ್ತು. ಜನ ಬಿಡಲಿಲ್ಲ, ಹಸಿರೇ ಬೇಕು ಅಂತ ಹಟ ಹಿಡಿದರು. ಈಗ ಸುಮಾರು 9 ಕಿಲೋಮೀಟರ್ ಉದ್ದದ ತೋಟ, ಮೇಲೆ ಹಳೇ ಸೇತುವೆಗಳು ಹಾಗೇ ಇವೆ, ಕೆಳಗೆ ಮಕ್ಕಳು ಸೈಕಲ್ ಹೊಡೆಯುತ್ತಾರೆ. 2024ರ ಅಕ್ಟೋಬರ್ 29ರ ಪ್ರವಾಹದಲ್ಲಿ ಆ ಹೊಸ ಪಾತ್ರ ಹಳೇ ಊರನ್ನು ಉಳಿಸಿತು. ಅದರಾಚೆ ದಕ್ಷಿಣದಲ್ಲಿದ್ದ ಪೈಪೋರ್ತಾದಂಥ ಊರುಗಳಿಗೆ ಬೇರೆ ಹಳ್ಳದ ನೀರು ನುಗ್ಗಿತು. ಪ್ರಾಂತ್ಯದಲ್ಲಿ 200ಕ್ಕೂ ಹೆಚ್ಚು ಜನ ಹೋದರು. ತೋಟದಲ್ಲಿ ನಡೆಯುವಾಗ ಇದು ಗೊತ್ತಿದ್ದರೆ ಒಳ್ಳೆಯದು. ಅತ್ತೆ ಬೆಂಚಿನ ಮೇಲೆ ಕೂತು ಸೇತುವೆಯ ಕಮಾನುಗಳನ್ನು ಎಣಿಸಿದರು. ನಾನು ಮಾತಾಡಿಸಲಿಲ್ಲ.

ತೋಟದ ಇನ್ನೊಂದು ತುದಿಯಲ್ಲಿ ಕಲೆ, ವಿಜ್ಞಾನಗಳ ನಗರಿ. ಕಲಾತ್ರಾವಾ, ಫೆಲಿಕ್ಸ್ ಕಾಂದೆಲಾ ವಿನ್ಯಾಸ ಮಾಡಿದ ಬಿಳಿ ಕಟ್ಟಡಗಳು, ಸುತ್ತ ತಿಳಿನೀಲಿ ನೀರು. ಹೊರಗಿನಿಂದ ಸುತ್ತುವುದು ಪುಕ್ಕಟೆ, ಸಂಜೆ ಬೆಳಕಿನಲ್ಲಿ ಚೆಂದ. ಒಳಗಿನ ಓಷಿಯನೋಗ್ರಾಫಿಕ್ ಅಕ್ವೇರಿಯಂ ಟಿಕೆಟ್ ದುಬಾರಿ, ಅರ್ಧ ದಿನವೂ ಬೇಕು. ಮಕ್ಕಳಿದ್ದರೆ ಹೋಗಿ, ಟೂರಿಸ್ಟ್ ಕಾರ್ಡ್‌ನ ರಿಯಾಯಿತಿ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಮಕ್ಕಳಿಲ್ಲದಿದ್ದರೆ ಆ ಅರ್ಧ ದಿನವನ್ನು ಬಸ್ಸಿನಲ್ಲಿ ಅಲ್ಬುಫೆರಾ ಸರೋವರಕ್ಕೆ ಕೊಡಿ. ಗದ್ದೆಗಳ ನಡುವೆ ಎಲ್ ಪಾಲ್ಮರ್ ಹಳ್ಳಿ ಇದೆ, ದೋಣಿಯಲ್ಲಿ ಸುತ್ತಿಸುತ್ತಾರೆ. ಭಾನುವಾರ ಮಧ್ಯಾಹ್ನ ಊಟಕ್ಕೆ ಊರೆಲ್ಲ ಅಲ್ಲಿಗೇ ಹೋಗುವುದರಿಂದ ಟೇಬಲ್ ಮೊದಲೇ ಹೇಳಿಡಬೇಕು.

ಓರ್ಚಾತಾ ಕುಡಿಯದೆ ಬರಬೇಡಿ. ಕೊನ್ನಾರಿ ಗಡ್ಡೆಯ ನೆಂಟನಾದ ಚೂಫಾ ಎನ್ನುವ ಪುಟ್ಟ ಗಡ್ಡೆಯನ್ನು ನೆನೆಸಿ, ಅರೆದು, ಸೋಸಿ ಮಾಡಿದ ತಣ್ಣನೆಯ ಬಿಳಿ ಪಾನೀಯ. ಹಾಲು ಹಾಕಿಲ್ಲ. ಸಾಂತಾ ಕತಲಿನಾ ಚರ್ಚ್ ಪಕ್ಕದ ಹಳೇ ಅಂಗಡಿಯ ಗೋಡೆಯ ಬಿಲ್ಲೆಗಳು ಚೆಂದ, ಆದರೆ ಜನಜಂಗುಳಿ. ಸಮಯವಿದ್ದರೆ ಮೆಟ್ರೊ ಹತ್ತಿ ಅಲ್ಬೊರಾಯಾಕ್ಕೆ ಹೋಗಿ, ಚೂಫಾ ಬೆಳೆಯುವುದೇ ಆ ಕಡೆ. ಜೊತೆಗೆ ಅದ್ದಿಕೊಳ್ಳಲು ಉದ್ದನೆಯ ಸಿಹಿ ಬನ್ನು, ಫಾರ್ತೋನ್, ಕೊಡುತ್ತಾರೆ. ಅದಕ್ಕೆ ಸಾಮಾನ್ಯವಾಗಿ ಮೊಟ್ಟೆ ಹಾಕಿರುತ್ತಾರೆ, ತಿನ್ನದವರು ಕೇಳಿಕೊಳ್ಳಿ. ಅತ್ತೆಗೆ ಸಕ್ಕರೆ ಜಾಸ್ತಿ ಅನಿಸಿತು, ಆದರೂ ಲೋಟ ಖಾಲಿ ಮಾಡಿದರು.

ಮಾರ್ಚ್‌ನಲ್ಲಿ ಬರುವವರಿಗೆ ಮಾತ್ರ ಈ ಯಾವ ಲೆಕ್ಕವೂ ನಡೆಯುವುದಿಲ್ಲ. 15ರಿಂದ 19ರವರೆಗೆ ಫಾಯಾಸ್ ಹಬ್ಬ. ಬೀದಿ ಬೀದಿಯಲ್ಲಿ ಬೊಂಬೆ ನಿಲ್ಲಿಸಿ ಕೊನೆ ರಾತ್ರಿ ಸುಡುತ್ತಾರೆ. ಮಧ್ಯಾಹ್ನ 2ಕ್ಕೆ ನಗರಸಭೆ ಚೌಕದಲ್ಲಿ ಕಿವಿ ಹರಿಯುವಷ್ಟು ಪಟಾಕಿ. ರೂಮಿನ ಬಾಡಿಗೆ ಏರಿರುತ್ತದೆ. ಊರ ಮಧ್ಯದ ರಸ್ತೆಗಳು ಮುಚ್ಚಿ ಬಸ್ಸುಗಳು ದಾರಿ ಬದಲಿಸುತ್ತವೆ. ಆ ವಾರ ಟೂರಿಸ್ಟ್ ಕಾರ್ಡ್ ಕೊಳ್ಳುವುದಾದರೆ ಮೆಟ್ರೊಗೆ ಅಂತಲೇ ಕೊಳ್ಳಿ, ಬಸ್ಸು ನಂಬಿಕೊಳ್ಳಬೇಡಿ.