ಟರ್ಬೊ ಇಲ್ಲದ ಕಾರಿಗೆ "ಇಪ್ಪತ್ತು ಹಾರ್ಸ್‌ಪವರ್ ಗ್ಯಾರಂಟಿ" ಅಂದರೆ ಹುಷಾರು

ತುಮಕೂರು ಕಡೆ ಕಾರಿನ ಹುಚ್ಚು ಇರುವವರಿಗೆ ಇದು. ಟರ್ಬೊ ಇಲ್ಲದ ಪೆಟ್ರೋಲ್ ಕಾರಿಗೆ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ತಿದ್ದುವುದು), ಹೆಡರ್ (ಎಂಜಿನ್ನಿನ ಹೊಗೆ ಹೊರಗೆ ಒಯ್ಯುವ ಪೈಪುಗಳು), ಕೋನ್ ಫಿಲ್ಟರ್ (ಡಬ್ಬಿ ಇಲ್ಲದ ಏರ್ ಫಿಲ್ಟರ್) ಮೂರನ್ನೂ ಸೇರಿಸಿ "ಸ್ಟೇಜ್ ಟೂ" ಅಂತ ಪ್ಯಾಕೇಜ್ ಮಾರುತ್ತಾರೆ. ಹದಿನೆಂಟು ಇಪ್ಪತ್ತು ಹಾರ್ಸ್‌ಪವರ್ ಜಾಸ್ತಿ ಆಗುತ್ತೆ ಅಂತ ಮಾತು ಕೊಡುತ್ತಾರೆ. ಸಾಕ್ಷಿಗೆ ಡೈನೋ, ಅಂದರೆ ಕಾರಿನ ಪವರ್ ಅಳೆಯುವ ಯಂತ್ರದ ಹಾಳೆಯನ್ನೂ ಕೈಗಿಡುತ್ತಾರೆ. ಆ ಪ್ಯಾಕೇಜ್ ನಾನೂ ಹಾಕಿಸಿದೆ, ಅಂಥ ಹಾಳೆ ನನ್ನ ಹತ್ತಿರವೂ ಇದೆ. ಅದರ ಜೊತೆಗೆ ಒಡೆದ ಪಿಸ್ಟನ್ ಕೂಡ ಇದೆ.

ಕಾರು 2011ರ ಹೋಂಡಾ ಸಿವಿಕ್, 1.8 ಲೀಟರ್, ಮ್ಯಾನ್ಯುಯಲ್. ಕಂಪನಿ ಲೆಕ್ಕದಲ್ಲಿ 6300 ಆರ್‌ಪಿಎಂಗೆ 132 ಹಾರ್ಸ್‌ಪವರ್, 4300ಕ್ಕೆ 172 ನ್ಯೂಟನ್ ಮೀಟರ್ ಟಾರ್ಕ್. ಲಕ್ಷ ಕಿಲೋಮೀಟರ್ ದಾಟಿದ್ದರೂ ಎಂಜಿನ್ ಗಟ್ಟಿಯಾಗಿತ್ತು, ಆಯಿಲ್ ತಿನ್ನುತ್ತಿರಲಿಲ್ಲ. ಅಂಗಡಿಯ ಹೆಸರು ಬರೆಯಲ್ಲ. ಬೋರ್ಡು ಬೇರೆ ಬೇರೆ ಇರಬಹುದು, ಮಾತು ಮಾತ್ರ ಇದೇ ಇರುತ್ತದೆ. ಆ ಮಾತನ್ನು ಗುರುತಿಟ್ಟುಕೊಂಡರೆ ಸಾಕು.

ಮೊದಲು ಗಾಳಿಯ ವಿಷಯ. ಟರ್ಬೊ ಇರುವ ಕಾರಿನಲ್ಲಿ ಗಾಳಿಯನ್ನು ಒತ್ತಿ ತುಂಬುವ ಸಾಧನವೇ ಇದೆ. ಲ್ಯಾಪ್‌ಟಾಪ್ ಸಿಕ್ಕಿಸಿ ಆ ಒತ್ತಡ ಏರಿಸಿದರೆ ಗಾಳಿ ಜಾಸ್ತಿ, ಪೆಟ್ರೋಲ್ ಜಾಸ್ತಿ, ಪವರ್ ಜಾಸ್ತಿ. ಅಲ್ಲಿ ನೂರಕ್ಕೆ ಇಪ್ಪತ್ತು ಇಪ್ಪತ್ತೈದು ಸಿಕ್ಕಿತು ಅಂದರೆ ನಂಬಬಹುದು. ಟರ್ಬೊ ಇಲ್ಲದ ಎಂಜಿನ್ ಹಾಗಲ್ಲ. ಸುತ್ತಲಿನ ಗಾಳಿಗೆ ಎಷ್ಟು ಒತ್ತಡ ಇದೆಯೋ ಅಷ್ಟರಲ್ಲೇ ಅದು ಉಸಿರಾಡಬೇಕು. ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ನೂರಕ್ಕೆ ಒಂಬತ್ತರಷ್ಟು ಕಡಿಮೆ. ಹಾಗಾಗಿ ಬ್ರೋಷರಿನ 132 ನಮ್ಮೂರಿನಲ್ಲಿ ಮೊದಲೇ 120ರ ಆಸುಪಾಸಿಗೆ ಇಳಿದಿರುತ್ತದೆ. ಅದನ್ನು ಯಾವ ಸಾಫ್ಟ್‌ವೇರೂ ವಾಪಸ್ ತರಲ್ಲ.

ಹಾಗಾದರೆ ರೀಮ್ಯಾಪ್ ಮಾಡಿಸಿದ ದಿನ ಕಾರು ಹಾರುತ್ತಿದೆ ಅನಿಸುತ್ತದಲ್ಲ, ಅದು ಹೇಗೆ? ಈ ಸಿವಿಕ್‌ನಲ್ಲಿ ಆಕ್ಸಿಲರೇಟರಿಗೆ ಕೇಬಲ್ ಇಲ್ಲ. ಪೆಡಲ್ ಎಷ್ಟು ಒತ್ತಿದ್ದೀರಿ ಅಂತ ಸೆನ್ಸರ್ ಹೇಳುತ್ತದೆ, ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಎಷ್ಟು ತೆರೆಯಬೇಕು ಅಂತ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್ ತೀರ್ಮಾನ ಮಾಡುತ್ತದೆ. ಆ ಲೆಕ್ಕ ತಿದ್ದಿದರೆ ಅರ್ಧ ಪೆಡಲಿಗೇ ಥ್ರಾಟಲ್ ಪೂರ್ತಿ ತೆರೆದುಕೊಳ್ಳುತ್ತದೆ. ಬಟವಾಡಿ ಸಿಗ್ನಲ್‌ನಲ್ಲಿ ಕಾಲು ಇಟ್ಟ ತಕ್ಷಣ ಕಾರು ಮುಂದಕ್ಕೆ ನುಗ್ಗುತ್ತದೆ. ಪೆಡಲನ್ನು ನೆಲಕ್ಕೆ ಒತ್ತಿದರೆ ಮಾತ್ರ ಮೊದಲಿದ್ದ ಕಾರೇ. ಇದರ ಆಚೆಗೆ ಇಗ್ನಿಷನ್ ಟೈಮಿಂಗ್ (ಕಿಡಿ ಹೊತ್ತಿಸುವ ಹೊತ್ತು), ಪೆಟ್ರೋಲ್ ಅಳತೆ ತಿದ್ದಿ ಒಳ್ಳೆ ಟ್ಯೂನರ್ ನೂರಕ್ಕೆ ನಾಲ್ಕೈದು ತೆಗೆಯಬಹುದು, ಅದೂ ಪೆಟ್ರೋಲ್ ಚೆನ್ನಾಗಿದ್ದರೆ.

ಈಗ ಹೆಡರ್ ಕಥೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಪ್ಯಾಕೇಜಿನಲ್ಲಿ "4-2-1 ಸ್ಟೈನ್‌ಲೆಸ್ ಹೆಡರ್" ಅಂತ ಬರೆದಿತ್ತು. ಅಂದರೆ ನಾಲ್ಕು ಸಿಲಿಂಡರಿಂದ ನಾಲ್ಕು ಪೈಪು, ಅವು ಸೇರಿ ಎರಡಾಗಿ, ಕೊನೆಗೆ ಒಂದಾಗಬೇಕು. ಎಂಜಿನ್ ಕೆಟ್ಟ ಮೇಲೆ ಕಾರನ್ನು ನಮ್ಮ ಹಳೇ ಮೆಕ್ಯಾನಿಕ್ ಭಾಯ್ ಹತ್ತಿರ ತಳ್ಳಿಸಿಕೊಂಡು ಹೋದಾಗ ಅವರು ಬಾನೆಟ್ ಎತ್ತಿ ಬಗ್ಗಿ ನೋಡಿದರು.

"ಸಾರ್, ಇದಕ್ಕೆ ಹೆಡರ್ ಹಾಕಿದೀವಿ ಅಂದ್ರಾ ಅವ್ರು?"

"ಹೌದು ಭಾಯ್. ಯಾಕೆ?"

"ಈ ಗಾಡಿಗೆ ಹೆಡರ್ ಎಲ್ಲಿ ಬರುತ್ತೆ ಸಾರ್! ಮ್ಯಾನಿಫೋಲ್ಡು ಹೆಡ್ ಒಳಗೇ ಇದೆಯಲ್ಲ. ಇವ್ರು ಕ್ಯಾಟ್‌ಕಾನ್ ಬಿಚ್ಚಿಬಿಟ್ಟು ಖಾಲಿ ಪೈಪ್ ಕೂರಿಸಿದಾರೆ ಅಷ್ಟೇ."

ಅವರು ಹೇಳಿದ್ದು ಸರಿ. ಸಿವಿಕ್‌ನ ಆರ್18 ಎಂಜಿನ್ನಿನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಲ್ಲ ಸಿಲಿಂಡರಿನ ಹೊಗೆಯನ್ನು ಒಂದುಗೂಡಿಸುವ ಭಾಗ) ಬೇರೆ ಪಾರ್ಟ್ ಅಲ್ಲ. ಸಿಲಿಂಡರ್ ಹೆಡ್ ಜೊತೆಗೇ ಎರಕ ಹೊಯ್ದಿರುತ್ತಾರೆ. ನಾಲ್ಕು ದಾರಿಯೂ ಹೆಡ್ ಒಳಗೇ ಒಂದಾಗಿ ಹೊರಗೆ ಬರುತ್ತವೆ, ಅಲ್ಲಿಗೇ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಭಾಯ್ ಹೇಳಿದ ಕ್ಯಾಟ್‌ಕಾನ್, ಕೂರುತ್ತದೆ. ಇದಕ್ಕೆ 4-2-1 ಹೆಡರ್ ಹಾಕಲು ಜಾಗವೇ ಇಲ್ಲ. ಕ್ಯಾಟ್‌ಕಾನ್ ತೆಗೆದರೆ ಚೆಕ್ ಎಂಜಿನ್ ಲೈಟ್ ಬರಬೇಕು, ಪಿ0420 ಅಂತ ಕೋಡ್ ಸಮೇತ. ಅದು ಬರದ ಹಾಗೆ ಸಾಫ್ಟ್‌ವೇರಿನಲ್ಲಿ ಬಾಯಿ ಮುಚ್ಚಿಸಿದ್ದರು. ಬಿಚ್ಚಿದ ಹಳೇ ಕ್ಯಾಟ್‌ಕಾನ್ ವಾಪಸ್ ಕೊಡಲಿಲ್ಲ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತದೆ, ಗುಜರಿಯಲ್ಲಿ ಸಾವಿರಾರು ರೂಪಾಯಿಗೆ ಹೋಗುತ್ತದೆ. ನನ್ನ ದುಡ್ಡನ್ನೂ ತೆಗೆದುಕೊಂಡು, ನನ್ನ ಪಾರ್ಟನ್ನೂ ಇಟ್ಟುಕೊಂಡರು!

ಕೋನ್ ಫಿಲ್ಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸದ್ದು ಚೆನ್ನಾಗಿರುತ್ತದೆ, ನಿಜ. ಆದರೆ ಕಂಪನಿ ಡಬ್ಬಿ ಹೊರಗಿನ ತಣ್ಣನೆ ಗಾಳಿ ಎಳೆಯುತ್ತದೆ, ಇದು ಬಾನೆಟ್ ಒಳಗಿನ ಬಿಸಿಗಾಳಿ ಎಳೆಯುತ್ತದೆ. ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ನೂರಕ್ಕೆ ಮೂರರಷ್ಟು ತೆಳುವಾಗುತ್ತದೆ. ಏಪ್ರಿಲ್‌ನಲ್ಲಿ ಕ್ಯಾತ್ಸಂದ್ರ ಟೋಲ್ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತು ಹೊರಟ ಕಾರಿಗೆ ಏನು ಪಿಕಪ್ ಬರುತ್ತದೆ ಹೇಳಿ.

ಡೈನೋ ಹಾಳೆಗೆ ಬರೋಣ. ಮೋಸ ಇರುವುದೇ ಇಲ್ಲಿ, ಬಹಳ ಜನಕ್ಕೆ ಕಾಣುವುದೂ ಇಲ್ಲ. ಬೆಂಗಳೂರಿನ ಒಂದು ಡೈನೋದಲ್ಲಿ ಮೊದಲು ಓಡಿಸಿದಾಗ ಚಕ್ರದ ಹತ್ತಿರ 99. ಕೆಲಸ ಆದ ಮೇಲೆ 117. ಹದಿನೆಂಟು ಜಾಸ್ತಿ! ಎರಡೂ ಹಾಳೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ, ಅದನ್ನು ಓದಬೇಕು. ಊರಿನ ಎತ್ತರ, ಬಿಸಿ, ತೇವ ನೋಡಿ ಡೈನೋ ಅಂಕಿಯನ್ನು ತಿದ್ದುತ್ತದೆ. ಇದಕ್ಕೆ ಕರೆಕ್ಷನ್ ಅಂತಾರೆ. ಬೇರೆ ಬೇರೆ ಊರಿನ ಡೈನೋಗಳನ್ನು ಹೋಲಿಸಲಿ ಅಂತಲೇ ಅದನ್ನು ಇಟ್ಟಿರುವುದು, ತಪ್ಪೇನಿಲ್ಲ. ಕರೆಕ್ಷನ್ನಿನಲ್ಲಿ ಎಸ್‌ಎಇ, ಎಸ್‌ಟಿಡಿ ಅಂತ ಬೇರೆ ಬೇರೆ ಲೆಕ್ಕ ಇವೆ. ಆದರೆ ನನ್ನ ಮೊದಲ ಹಾಳೆಯಲ್ಲಿ ಕರೆಕ್ಷನ್ ಇರಲೇ ಇಲ್ಲ. ಎರಡನೆಯದರಲ್ಲಿ "ಎಸ್‌ಟಿಡಿ" ಅಂತ ಇತ್ತು. ಬೆಂಗಳೂರಿನಷ್ಟು ಎತ್ತರದಲ್ಲಿ ಎಸ್‌ಎಇ ಕರೆಕ್ಷನ್ ಹಾಕಿದರೇ ಅಂಕಿ ನೂರಕ್ಕೆ ಹನ್ನೆರಡರಷ್ಟು ಏರುತ್ತದೆ. ಎಸ್‌ಟಿಡಿ ಅದಕ್ಕಿಂತ ಇನ್ನೂ ನಾಲ್ಕರಷ್ಟು ಮೇಲೆ ತೋರಿಸುತ್ತದೆ. ಎರಡೂ ಹಾಳೆಯನ್ನು ಎಸ್‌ಎಇ ಲೆಕ್ಕಕ್ಕೆ ತಂದರೆ ಮೊದಲನೆಯದು 111, ಎರಡನೆಯದು 112 ಚಿಲ್ಲರೆ. ಪ್ಯಾಕೇಜಿಗೆ ಕೊಟ್ಟಿದ್ದು 65 ಸಾವಿರ. ಸಿಕ್ಕಿದ್ದು ಒಂದೂವರೆ ಹಾರ್ಸ್‌ಪವರ್.

ಇಷ್ಟಕ್ಕೇ ನಿಂತಿದ್ದರೆ ದುಡ್ಡು ಹೋಯಿತು ಅಂತ ಸುಮ್ನಾಗುತ್ತಿದ್ದೆ. ಬಿಸಿಲಲ್ಲಿ ಕಾರು ಮಂಕಾಗುತ್ತಿದೆ ಅಂತ ಅಂಗಡಿಗೆ ಫೋನ್ ಮಾಡಿದಾಗ "ಬನ್ನಿ ಬ್ರೋ, ಇನ್ನೊಂದು ಫೈಲ್ ಹಾಕ್ತೀನಿ" ಅಂದರು. ಫೈಲ್ ಅಂದರೆ ಇಸಿಯುಗೆ ತುಂಬುವ ಸಾಫ್ಟ್‌ವೇರ್. ಹಾಕಿದ ಮೇಲೆ ಮಂಕು ಹೋಯಿತು. ಏನು ಮಾಡಿದ್ದರು ಅಂತ ಆಮೇಲೆ ಬೇರೆ ಒಬ್ಬ ಟ್ಯೂನರ್ ಫೈಲ್ ಓದಿ ತೋರಿಸಿದರು. ಟೈಮಿಂಗ್ ಮುಂದಕ್ಕೆ ತಂದಿದ್ದರು, ಪೂರ್ತಿ ಥ್ರಾಟಲ್‌ನಲ್ಲಿ ಪೆಟ್ರೋಲ್ ಕಡಿಮೆ ಮಾಡಿದ್ದರು, ಎಲ್ಲಕ್ಕಿಂತ ಕೆಟ್ಟದ್ದು ಅಂದರೆ ನಾಕ್ ಸೆನ್ಸರಿನ ಕಿವಿ ಮಂದ ಮಾಡಿದ್ದರು. ಕಿಡಿ ಹೊತ್ತಿಸಿದ ಬೆಂಕಿ ಮುಟ್ಟುವ ಮುಂಚೆಯೇ ಸಿಲಿಂಡರಿನ ಇನ್ನೊಂದು ಮೂಲೆಯಲ್ಲಿ ಪೆಟ್ರೋಲ್ ತಾನಾಗೇ ಸಿಡಿಯುವುದು ನಾಕಿಂಗ್. ಸೆನ್ಸರ್ ಅದನ್ನು ಕೇಳಿಸಿಕೊಂಡು ಟೈಮಿಂಗ್ ಹಿಂದಕ್ಕೆ ಎಳೆಯುತ್ತದೆ. ಬಿಸಿಲಲ್ಲಿ ಕಾರು ಮಂಕಾಗುತ್ತಿದ್ದದ್ದು ಅದಕ್ಕೇ. ಎಂಜಿನ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿತ್ತು, ಇವರು ಅದನ್ನೇ ತೆಗೆದುಬಿಟ್ಟರು.

ದೇವರಾಯನದುರ್ಗದ ಏರಿನಲ್ಲಿ, ಮಧ್ಯಾಹ್ನದ ಹೊತ್ತು, ನಾಲ್ಕು ಜನ ಕೂತಿದ್ದಾಗ ಡಬ್ಬಿಯಲ್ಲಿ ಕಡಲೆ ಅಲ್ಲಾಡಿಸಿದ ಹಾಗೆ ಸದ್ದು ಬಂತು. ಮ್ಯೂಸಿಕ್ ಹಾಕಿದ್ದರೆ ಕೇಳುವುದೇ ಇಲ್ಲ, ಇದನ್ನು ನೆನಪಿಟ್ಟುಕೊಳ್ಳಿ. ಸ್ವಲ್ಪ ದಿನಕ್ಕೆ ಸೈಲೆನ್ಸರಿನಲ್ಲಿ ನೀಲಿ ಹೊಗೆ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕೆಳಕ್ಕೆ. ಭಾಯ್ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ನೋಡಿದರು. ಮೂರು ಸಿಲಿಂಡರ್ ಒಂದೇ ಸಮ ಇದ್ದವು, ಒಂದರಲ್ಲಿ ಅರ್ಧವೂ ಇರಲಿಲ್ಲ. ಬಿಚ್ಚಿದಾಗ ಪಿಸ್ಟನ್‌ನಲ್ಲಿ ರಿಂಗ್ ಕೂರುವ ಅಂಚು ಒಡೆದಿತ್ತು, ಚೂರು ಗೋಡೆಯನ್ನು ಗೀರಿತ್ತು. ಬೋರ್, ಪಿಸ್ಟನ್, ರಿಂಗ್, ಗ್ಯಾಸ್ಕೆಟ್, ಲೇಬರ್ ಎಲ್ಲ ಸೇರಿ ಲಕ್ಷ ದಾಟಿತು.

ಅಂಗಡಿಯವರ ಉತ್ತರ ಒಂದೇ: "ನಿಮ್ಮೂರಿನ ಪೆಟ್ರೋಲ್ ಸರಿ ಇಲ್ಲ." ಈ ಮಾತು ನಿಮಗೂ ಹೇಳುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ಈಗ ಬಂಕ್‌ಗಳಲ್ಲಿ ಮಾಮೂಲಿ ಸಿಗುವುದು ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆತ ಪೆಟ್ರೋಲ್. ಬರೀ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಎಥನಾಲಿಗೆ 9 ಸಾಕು. ಹಾಗಾಗಿ ಈ ಬೆರಕೆಗೆ ಅಷ್ಟೇ ಗಾಳಿಗೆ ಇಂಧನ ಸ್ವಲ್ಪ ಜಾಸ್ತಿ ಹಾಕಬೇಕು. ನಿಧಾನವಾಗಿ ಓಡಿಸುವಾಗ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ಸರಿ ಮಾಡಿಕೊಳ್ಳುತ್ತದೆ. ಪೂರ್ತಿ ಒತ್ತಿದಾಗ ಮ್ಯಾಪಿನಲ್ಲಿ, ಅಂದರೆ ಇಸಿಯು ಒಳಗಿನ ಲೆಕ್ಕದ ಪಟ್ಟಿಯಲ್ಲಿ, ಬರೆದಿದ್ದನ್ನೇ ಜಾಸ್ತಿ ನಂಬುತ್ತದೆ. ಇದು ಟ್ಯೂನರಿಗೆ ಗೊತ್ತಿರಲೇಬೇಕಾದ ವಿಷಯ. ನಾಕಿಂಗ್ ತಡೆಯುವ ನೂರು ಆಕ್ಟೇನ್ ಪೆಟ್ರೋಲ್ ಹಾಕಿ ಟ್ಯೂನ್ ಮಾಡಿ, ಲೀಟರಿಗೆ 150ಕ್ಕಿಂತ ಜಾಸ್ತಿ ಬೆಲೆಯ ಅದನ್ನು ದಿನಾ ಎಲ್ಲಿಂದ ತರುತ್ತೀರಿ ಅಂತ ಕೇಳದೆ ಕಾರು ಕೊಟ್ಟು ಕಳಿಸಿದರೆ ತಪ್ಪು ಬಂಕಿನದಾ?

ಟರ್ಬೊ ಇಲ್ಲದೆ ಪವರ್ ಬರುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೇ ಹೋಂಡಾ 1999ರಲ್ಲಿ ಎಸ್2000 ಕಾರಿನ 2 ಲೀಟರ್ ಎಂಜಿನ್ನಿನಿಂದ ಜಪಾನಿನಲ್ಲಿ 250 ಹಾರ್ಸ್‌ಪವರ್ ತೆಗೆಯಿತು. ಅದು 8300 ಆರ್‌ಪಿಎಂನಲ್ಲಿ. ಅಷ್ಟು ಸುತ್ತು ತಡೆಯುವ ಪಿಸ್ಟನ್, ರಾಡ್, ವಾಲ್ವ್ ಸ್ಪ್ರಿಂಗ್, ವಾಲ್ವ್ ತೆರೆಯುವ ಬೇರೆ ಕ್ಯಾಮ್, 11.7ರ ಕಂಪ್ರೆಷನ್, ಎಲ್ಲ ಸೇರಿ ಬಂದ ಪವರ್ ಅದು. ಸಿವಿಕ್‌ನ ಐ-ವಿಟೆಕ್ (ವಾಲ್ವ್ ತೆರೆದು ಮುಚ್ಚುವ ರೀತಿ ಬದಲಿಸುವ ವ್ಯವಸ್ಥೆ) ಹುಟ್ಟಿದ್ದೇ ಬೇರೆ ಕೆಲಸಕ್ಕೆ. ಅದರ ಎರಡನೇ ಕ್ಯಾಮ್ ಇರುವುದು ಮೈಲೇಜಿಗೆ, ಮೇಲಿನ ಸುತ್ತಿನಲ್ಲಿ ಒದೆ ಕೊಡುವುದಕ್ಕಲ್ಲ. ನಿಜವಾಗಿ ಹೆಡ್ ಕೆಲಸ, ಕ್ಯಾಮ್, ಪಿಸ್ಟನ್ ಮಾಡಿಸುವವರು ಲಕ್ಷಗಳ ಲೆಕ್ಕ ಹೇಳುತ್ತಾರೆ, ತಿಂಗಳುಗಟ್ಟಲೆ ಕಾರು ಇಟ್ಟುಕೊಳ್ಳುತ್ತಾರೆ. ಒಂದು ಮಧ್ಯಾಹ್ನದಲ್ಲಿ ಮುಗಿಸಿ ಕಳಿಸಲ್ಲ.

ಕಾನೂನಿನ ಕಡೆಯೂ ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿ ಆದ ಮೇಲೆ 182ಎ ಕಲಂನಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5000 ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡ ಬೀಳುವುದು ನಮಗೆ, ಹಾಕಿಕೊಟ್ಟವರು ಇನ್ನೊಂದು ಕಾರಿಗೆ ಹಾಕುತ್ತಿರುತ್ತಾರೆ. ಕ್ಯಾಟ್‌ಕಾನ್ ಇಲ್ಲದೆ ಎಮಿಷನ್ ಟೆಸ್ಟ್ ಪಾಸಾಗುವುದು ಕಷ್ಟ. ಭಾರತ್ ಸ್ಟೇಜ್ 4 ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ನೂರಕ್ಕೆ 0.3 ದಾಟಬಾರದು. 2011ರ ಗಾಡಿಗೆ ಹದಿನೈದು ವರ್ಷ ಅಂದರೆ 2026ಕ್ಕೆ ಆರ್‌ಸಿ ರಿನ್ಯೂ ಮಾಡಿಸಬೇಕು, ಆರ್‌ಟಿಒ ಇನ್‌ಸ್ಪೆಕ್ಟರ್ ಮುಂದೆ ಕಾರು ನಿಲ್ಲಿಸಬೇಕು. ಅದಕ್ಕೆ ಹೊಸ ಕ್ಯಾಟ್‌ಕಾನ್ ಹುಡುಕುತ್ತಿದ್ದೇನೆ. ಇನ್ಶೂರೆನ್ಸ್ ಕಂಪನಿಗೆ ತಿಳಿಸದೆ ಮಾಡಿಸಿದ್ದರೆ ಕ್ಲೈಮ್ ಹೊತ್ತಿನಲ್ಲಿ ತಕರಾರು ತೆಗೆಯುತ್ತಾರೆ, ಅದು ಬೇರೆ.

ಇಷ್ಟೆಲ್ಲ ಓದಿದ ಮೇಲೂ ರೀಮ್ಯಾಪ್ ಮಾತ್ರ ಮಾಡಿಸುತ್ತೇನೆ ಅನ್ನುವವರು ಇರುತ್ತೀರಿ, ಗೊತ್ತು. ಮೊದಲು ಒರಿಜಿನಲ್ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಈಸ್ಕೊಳ್ಳಿ. ನನ್ನದನ್ನು ಅವರು ಉಳಿಸಿಯೇ ಇರಲಿಲ್ಲ. ಮುಂಚೆ, ಆಮೇಲೆ ಎರಡೂ ಒಂದೇ ಡೈನೋ, ಒಂದೇ ಗೇರ್, ಒಂದೇ ಕರೆಕ್ಷನ್ ಇರಲಿ. ನೀವು ದಿನಾ ಹಾಕಿಸುವ ಬಂಕಿನ ಪೆಟ್ರೋಲಿನಲ್ಲೇ ಟ್ಯೂನ್ ಆಗಲಿ. ನಾಕ್ ಸೆನ್ಸರ್ ಮುಟ್ಟಿದ್ದೀರಾ ಅಂತ ನೇರವಾಗಿ ಕೇಳಿ. ಉತ್ತರ ತಡವರಿಸಿದರೆ ಕೀ ವಾಪಸ್ ತೆಗೆದುಕೊಳ್ಳಿ. ಬಿಚ್ಚಿದ ಪಾರ್ಟುಗಳು ನಿಮ್ಮ ಡಿಕ್ಕಿಯಲ್ಲೇ ಮನೆಗೆ ಬರಬೇಕು.

ಬಿಲ್‌ನಲ್ಲಿ ಏನೇನು ಮಾಡಿದರು ಅಂತ ಒಂದೊಂದಾಗಿ ಬರೆಸಿ. ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಫೀಸೂ ಇಲ್ಲ. ಆದರೆ ನನ್ನ ಕೈಯಲ್ಲಿರುವ ಬಿಲ್‌ನಲ್ಲಿ ಬರೆದಿರುವುದು "ಜನರಲ್ ಸರ್ವಿಸ್" ಅಂತ ಮಾತ್ರ. ವಕೀಲರು ಅದನ್ನು ನೋಡಿ, ಯುಪಿಐ ರಸೀದಿ, ವಾಟ್ಸ್ಯಾಪ್ ಮಾತುಕತೆ, ಎರಡೂ ಡೈನೋ ಹಾಳೆ ಎಲ್ಲ ಪ್ರಿಂಟ್ ತೆಗೆದುಕೊಂಡು ಬನ್ನಿ ಅಂದಿದ್ದಾರೆ.