ವರ್ಣತಂತುವಿನ ಮುರಿತ: ಕಾಳಿನಲ್ಲಿ ನೋಡಬೇಕೆ, ಗಾಜಿನ ಫಲಕದಲ್ಲಿ ನೋಡಬೇಕೆ?

ಮೆಕ್ಕೆಜೋಳದ 9ನೇ ವರ್ಣತಂತುವಿನ ಗಿಡ್ಡ ಭುಜದಲ್ಲಿರುವ ಡಿಎಸ್ ಎಂಬ ಜಿಗಿಯುವ ಧಾತು (ಜಾಗ ಬದಲಿಸಬಲ್ಲ ಡಿಎನ್‌ಎ ತುಂಡು), ಅದೇ ಕೋಶದಲ್ಲಿ ಎಸಿ ಎಂಬ ಇನ್ನೊಂದು ಧಾತು ಇದ್ದರೆ ಮಾತ್ರ, ತಾನಿರುವ ಜಾಗದಲ್ಲಿ ವರ್ಣತಂತುವನ್ನು ಮುರಿಯುತ್ತದೆ. 1940ರ ದಶಕದಲ್ಲಿ ಬಾರ್ಬರಾ ಮೆಕ್ಲಿಂಟಾಕ್ ಗುರುತಿಸಿದ ಈ ಮುರಿತವನ್ನು ಪತ್ತೆಹಚ್ಚಲು ಒಂದೇ ಸಂಕರದ ಮೇಲೆ ಮೂರು ವಿಧಾನಗಳನ್ನು ಪ್ರಯೋಗಿಸಿ ನೋಡಿದೆ. ಅವುಗಳಲ್ಲಿ ಅತಿ ಸರಳವಾದ ಕಾಳಿನ ಪರೀಕ್ಷೆಯೇ ನನಗೆ ಹೆಚ್ಚು ತಿಳಿಸಿತು.

ನನ್ನ ಸಂಕರದಲ್ಲಿ ಬಣ್ಣವನ್ನು ತಡೆಯುವ ಜೀನೂ ಪಿಷ್ಟದ ಬಗೆಯನ್ನು ನಿರ್ಧರಿಸುವ ವ್ಯಾಕ್ಸಿ ಜೀನಿನ ಸಹಜ ರೂಪವೂ ಗಂಡಿನಿಂದ, ಡಿಎಸ್ ಇರುವ ವರ್ಣತಂತುವಿನಲ್ಲೇ ಬರುತ್ತಿದ್ದವು. ಬಣ್ಣದ ಜೀನು, ವ್ಯಾಕ್ಸಿಯ ವಿಕೃತ ರೂಪ ಮತ್ತು ಎಸಿ ಹೆಣ್ಣಿನಿಂದ. ಮುರಿತವಾಗದಿದ್ದರೆ ಕಾಳು ಬಣ್ಣವಿಲ್ಲದೆ ಉಳಿಯುತ್ತದೆ. ಮುರಿದರೆ ಡಿಎಸ್‌ನಿಂದ ತುದಿಯವರೆಗಿನ ತುಂಡು ಸೆಂಟ್ರೊಮಿಯರ್ (ಕೋಶ ವಿಭಜನೆಯಲ್ಲಿ ವರ್ಣತಂತುವನ್ನು ಎಳೆದೊಯ್ಯಲು ಹಿಡಿಯಾಗುವ ಭಾಗ) ಇಲ್ಲದೆ ಕಳೆದುಹೋಗಿ, ಆ ಕೋಶದ ಸಂತತಿಯೆಲ್ಲ ಬಣ್ಣದ ಮಚ್ಚೆಯಾಗಿ ಕಾಣಿಸುತ್ತದೆ. ಕಾಳನ್ನು ಕೊಯ್ದು ಅಯೋಡಿನ್ ಹಚ್ಚಿದಾಗ ಉಳಿದ ಪಿಷ್ಟ ಕಡುನೀಲಿಯಾಗಿ, ಮಚ್ಚೆಯ ಕೆಳಗಿನದು ಕೆಂಗಂದಾದರೆ, ಬಣ್ಣ ತಡೆಯುವ ಜೀನು, ಸಹಜ ವ್ಯಾಕ್ಸಿ ಎಂಬ ಎರಡು ಗುರುತುಗಳೂ ಒಟ್ಟಿಗೇ ಹೋಗಿವೆ ಎಂದರ್ಥ. ಬಣ್ಣವೊಂದೇ ಬದಲಾದದ್ದನ್ನು ನಾನು ಈ ಮುರಿತದ ಲೆಕ್ಕಕ್ಕೆ ಸೇರಿಸುವುದಿಲ್ಲ. ಮಚ್ಚೆಯ ಗಾತ್ರ ಮುರಿತದ ಕಾಲವನ್ನೂ ಹೇಳುತ್ತದೆ. ಸಣ್ಣ ಚುಕ್ಕೆಗಳನ್ನು ಕಂಡು ಎಸಿ ದುರ್ಬಲವಾಗಿದೆ ಎಂದು ಮೊದಲು ಬರೆದುಕೊಂಡಿದ್ದೆ, ಅದು ತಪ್ಪು: ಎಸಿಯ ಪ್ರತಿಗಳು ಹೆಚ್ಚಾದಷ್ಟೂ ಮುರಿತ ತಡವಾಗಿ, ಮಚ್ಚೆ ಕಿರಿದಾಗುತ್ತದೆ.

ಸೂಕ್ಷ್ಮದರ್ಶಕದ ದಾರಿ ಹೆಚ್ಚು ಶ್ರಮದ್ದು. ಎಳೆಯ ಗಂಡು ಹೂಗೊಂಚಲನ್ನು ಮೂರು ಪಾಲು ಆಲ್ಕೊಹಾಲ್, ಒಂದು ಪಾಲು ಅಸಿಟಿಕ್ ಆಮ್ಲದಲ್ಲಿಟ್ಟು, ಪರಾಗಕೋಶಗಳನ್ನು ವರ್ಣತಂತುಗಳಿಗೆ ಬಣ್ಣ ಕೊಡುವ ಅಸಿಟೋಕಾರ್ಮಿನ್‌ನಲ್ಲಿ ಬಿಡಿಸಿ ಒತ್ತಬೇಕು. ಪ್ಯಾಕಿಟೀನ್ ಹಂತ (ಪರಾಗ ರೂಪಿಸುವ ಕೋಶ ವಿಭಜನೆಯಲ್ಲಿ ಜೋಡಿ ವರ್ಣತಂತುಗಳು ಒಂದಕ್ಕೊಂದು ಅಂಟಿಕೊಂಡಿರುವ ಹಂತ) ಸಿಕ್ಕರೆ, ಜೋಡಿಯಾಗಿ ಮಲಗಿದ ಎರಡು 9ನೇ ವರ್ಣತಂತುಗಳಲ್ಲಿ ಒಂದು ನಡುವೆಯೇ ನಿಂತು ಇನ್ನೊಂದು ಒಂಟಿಯಾಗಿ ಮುಂದುವರಿಯುವುದು ಕಣ್ಣಿಗೇ ಕಾಣುತ್ತದೆ. ಮುರಿದ ಜಾಗವನ್ನು ತೋರಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ನನ್ನ ಎಷ್ಟೋ ಫಲಕಗಳು ಹಂತ ದಾಟಿದವಾಗಿದ್ದವು, ಸಿಕ್ಕ ಒಳ್ಳೆಯ ಕೋಶಗಳೂ ಬೆರಳೆಣಿಕೆಯವು. ಒಂದು ತೆನೆಯಾದರೋ ನೂರಾರು ಕಾಳುಗಳನ್ನು ಒಮ್ಮೆಲೇ ಎದುರಿಗಿಡುತ್ತದೆ.

ಮೂರನೆಯದಾದ ಪಿಸಿಆರ್, ಅಂದರೆ ಡಿಎನ್‌ಎಯ ಆಯ್ದ ತುಂಡನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ, ಈ ಕೆಲಸಕ್ಕಲ್ಲ. ಡಿಎಸ್ ಇದೆಯೋ ಜಿಗಿದು ಹೋಗಿದೆಯೋ ಎಂಬುದಕ್ಕೆ ಅದು ಚೊಕ್ಕವಾದ ಉತ್ತರ ಕೊಡುತ್ತದೆ. ಮುರಿತದಲ್ಲಾದರೋ ಪ್ರೈಮರ್ (ನಕಲನ್ನು ಆರಂಭಿಸುವ ಸಣ್ಣ ಡಿಎನ್‌ಎ ತುಣುಕು) ಅಂಟಬೇಕಾದ ಆಚೆಯ ತುಂಡೇ ಇರುವುದಿಲ್ಲ, ಎಲೆಯ ಮುರಿಯದ ಕೋಶಗಳ ಪಟ್ಟಿಯೇ ಎದ್ದು ಕಾಣುತ್ತದೆ.

ಈಗ ಮೊದಲು ಮಚ್ಚೆಯ ಕಾಳುಗಳನ್ನು ಆರಿಸಿ, ನೆತ್ತಿಯನ್ನಷ್ಟೇ ಕೆರೆದು ಅಯೋಡಿನ್ ಹಚ್ಚುತ್ತೇನೆ. ಭ್ರೂಣಕ್ಕೆ ಪೆಟ್ಟಾಗದ್ದರಿಂದ ಅದೇ ಕಾಳನ್ನು ಬಿತ್ತಿ, ಬೆಳೆದ ಗಿಡದ ಹೂಗೊಂಚಲನ್ನು ಸೂಕ್ಷ್ಮದರ್ಶಕಕ್ಕೆ ಕೊಡಬಹುದು.