ಟೆಫ್-ಜೆಲ್: ಹಾಯಿದೋಣಿ ಟೂಲ್‌ಬಾಕ್ಸಲ್ಲಿ ಇರ್ಲೇಬೇಕು

ಅಲ್ಯೂಮಿನಿಯಂ ಮಾಸ್ಟ್‌ಗೆ (ಹಾಯಿ ಕಟ್ಟೋ ಕಂಬ) ಸ್ಟೇನ್‌ಲೆಸ್ ಸ್ಕ್ರೂ ಹಾಕಿದ್ರೆ ಉಪ್ಪುನೀರು ತಾಗಿ ತಾಗಿ ಅಲ್ಯೂಮಿನಿಯಂ ಸವೆದು ಬಿಳಿ ಪುಡಿ ಕಟ್ಟಿ ಸ್ಕ್ರೂ ಕಚ್ಕೊಂಡುಬಿಡತ್ತೆ, ಹಿಂದೆ ಒಂದ್ಸಲ ಬಿಚ್ಚೋಕೆ ಹೋಗಿ ಸ್ಕ್ರೂ ತಲೆನೇ ಮುರಿದೋಯ್ತು. ಆಮೇಲೆ ಟೆಫ್-ಜೆಲ್ ಅನ್ನೋ, ಸ್ಕ್ರೂ ಹೀಗೆ ಕಚ್ಕೊಳ್ಳದಂಗೆ ತಡೆಯೋ ಪೇಸ್ಟ್ ಸವರಿ ಹಾಕಿದ್ದೆ, ಎರಡು ಸೀಸನ್ ಆದ್ಮೇಲೂ ಮಾಮೂಲಿ ಸ್ಕ್ರೂಡ್ರೈವರಲ್ಲೇ ಸಲೀಸಾಗಿ ಬಂತು, ಸ್ಕ್ರೂ ಥ್ರೆಡ್ಡಲ್ಲಿ ಜೆಲ್ ಇನ್ನೂ ಹಸಿಯಾಗೇ ಇತ್ತು! ಸಣ್ಣ ಟ್ಯೂಬ್‌ಗೆ ರೇಟ್ ಜಾಸ್ತಿನೇ, ಆದ್ರೆ ಕಡ್ಲೆಕಾಳಷ್ಟು ಸಾಕು. ಡಬ್ಲ್ಯೂಡಿ-40 ಸ್ಪ್ರೇ ಇದ್ಯಲ್ಲ ಅನ್ನೋರಿಗೆ, ಅದು 1953ರಲ್ಲಿ ನೀರು ಓಡ್ಸೋಕೆ ಅಂತ ಮಾಡಿದ್ದು, ತುಕ್ಕು ಸಡ್ಲ ಮಾಡೋಕೆ ಇಟ್ಕೊಳ್ಳಿ, ಗ್ರೀಸ್ ಬದಲಿಗೆ ಬೇಡ. ಇನ್ನು ವಿಂಚ್ (ಹಾಯಿ ಹಗ್ಗ ಎಳೆಯೋಕೆ ಹ್ಯಾಂಡಲ್ ಹಾಕಿ ತಿರುಗಿಸೋ ಡ್ರಮ್) ಬಿಚ್ಚಿದಾಗ ಗೇರ್‌ಗೆ ತೆಳ್ಳಗೆ ಗ್ರೀಸ್, ಸ್ಪ್ರಿಂಗ್ ಇರೋ ಪಾಲ್‌ಗಳಿಗೆ (ಡ್ರಮ್ ಹಿಂದಕ್ಕೆ ತಿರುಗದಂಗೆ ತಡೆಯೋ ಸಣ್ಣ ಕೊಂಡಿಗಳು) ಎರಡು ಹನಿ ಎಣ್ಣೆ ಅಷ್ಟೇ, ಅಲ್ಲಿ ಗ್ರೀಸ್ ಮೆತ್ತಿದ್ರೆ ಪಾಲ್ ಅಂಟ್ಕೊಂಡು ಹ್ಯಾಂಡಲ್ ಹಿಂದಕ್ಕೆ ತಿರುಗಿ ಕೈಗೆ ಹೊಡೆಯತ್ತೆ.